ಹಿರಿಸೊಸೆಯ ಕೈಗುಣ

ಲೀಕ್ ಎಂಬ ತರಕಾರಿಯ ಹೆಸರು ಆ ಮನೆಯಲ್ಲಿ ಮೊದಲ ಸಲ ಕೇಳಿಬಂದಾಗ ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವ. ನಲವತ್ತು ವರ್ಷ ಊರವರ ನಲ್ಲಿ, ಪೈಪು ರಿಪೇರಿ ಮಾಡಿ ಮೈ ಸವೆಸಿದ ಮನುಷ್ಯ ಅವರು. ಜೀವಮಾನವೆಲ್ಲ ಲೀಕ್ ನಿಲ್ಲಿಸುವುದರಲ್ಲೇ ಕಳೆಯಿತು, ಈಗ ನೋಡಿದರೆ ಸೊಸೆ ಮನೆಯ ಹಿತ್ತಲಲ್ಲೇ ಲೀಕ್ ಬೆಳೆಸುತ್ತಾಳಂತೆ ಎಂದು ಬಂದವರಿಗೆ, ಹೋದವರಿಗೆ ಹೇಳಿ ನಗಿಸಿದರು. ಹಿರಿಸೊಸೆಯೂ ನಕ್ಕಳು. ಮಾವನ ನಗೆಯಲ್ಲಿ ಕೊಂಕಿರಲಿಲ್ಲ. ಆ ಮನೆಯಲ್ಲಿ ತನ್ನ ಕೆಲಸವನ್ನು ಕಣ್ಣೆತ್ತಿ ನೋಡುವವರು ಅವರೊಬ್ಬರೇ ಎಂದು ಅವಳು ನಂಬಿದ್ದಳು.

ಅವಳಿಗೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡರವರೆಗೆ ಹಬೆಯ ನಡುವೆ ನಿಂತು ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಡಬೇಕು. ಗಂಡ ಬಸ್ ಡ್ರೈವರು. ಮಗಳು ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಹಿರಿಮಗನ ಹೆಂಡತಿಯೆಂದು ಇವಳಿಗೆ ಹಿರಿಸೊಸೆ ಎಂದು ಹೆಸರಾದರೂ ಮೈದುನನಿಗೆ ಇನ್ನೂ ಮದುವೆಯಾಗಿರಲಿಲ್ಲ. ಕಕ್ಕಸು ತೊಳೆಯುವ ಆಸಿಡ್ಡು, ನೆಲ ಒರೆಸುವ ಫಿನೈಲುಗಳನ್ನು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೆರೆಸಿ, ಬಾಟಲಿಗೆ ತುಂಬಿ ಅಂಗಡಿಗಳಿಗೆ ಹಾಕುತ್ತಿದ್ದ. ಬೀದಿಯ ಹುಡುಗರು ಅವನಿಗೆ ಫಿನೈಲಣ್ಣ ಎಂದೇ ಹೆಸರಿಟ್ಟಿದ್ದರು. ಹದಿನೆಂಟು ವರ್ಷದಿಂದ ಸಂಬಳ ತರುತ್ತಿದ್ದ ಸೊಸೆಯದು ಅತ್ತೆಯ ಬಾಯಲ್ಲಿ ‘ಏನೋ ಒಂದಿಷ್ಟು ಸಹಾಯ’. ಎರಡು ವರ್ಷದ ಹಿಂದೆ ಶೆಡ್ಡು ಹಾಕಿದ ಕಿರಿಮಗನದು ‘ದುಡಿಮೆ’.

ಹಿತ್ತಲಿನ ಜಾಗ ದೊಡ್ಡದೇನಲ್ಲ. ಮೂವತ್ತು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲ. ಹಳೇ ಕಟ್ಟಡದ ಇಟ್ಟಿಗೆ ಚೂರು, ಗಾಜು, ತುಕ್ಕು ಹಿಡಿದ ಮೊಳೆಗಳಿಂದ ತುಂಬಿದ್ದ ಆ ನೆಲವನ್ನು ಅವಳು ನಾಲ್ಕು ವರ್ಷ ಆರಿಸಿ, ಅಗೆದು, ಗೊಬ್ಬರ ಹಾಕಿ ಕೈಗೆ ಹತ್ತುವ ಮಣ್ಣು ಮಾಡಿದ್ದಳು. ಆಸ್ಪತ್ರೆಯ ತೋಟದ ಮಾಲಿ ಕೊಟ್ಟ ಬೀಜ ಲೀಕಿನದು. ಅದು ಈರುಳ್ಳಿಯ ದಾಯಾದಿ. ಗಡ್ಡೆ ಕಟ್ಟುವುದಿಲ್ಲ, ಉದ್ದನೆಯ ಬಿಳಿ ದಂಟೇ ಅದರ ಆಸ್ತಿ. ಅವಳು ಅದನ್ನೂ ಈರುಳ್ಳಿ ಬೀಜವನ್ನೂ ಹಣ್ಣಿನ ಪೆಟ್ಟಿಗೆಗಳಲ್ಲಿ ಬಿತ್ತಿ, ಅಡಿಗೆಮನೆಯ ಕಿಟಕಿಯ ಕೆಳಗೆ ಇಟ್ಟು ಹತ್ತು ವಾರ ಸಾಕಿದಳು. ಕೂದಲಿನ ಎಳೆಯಂತೆ ಎದ್ದ ಸಸಿ ಪೆನ್ಸಿಲ್ ದಪ್ಪವಾದ ದಿನ ಕೆಲಸಕ್ಕೆ ರಜೆ ಹಾಕಿದಳು.

ನಾಟಿಗೆ ಮಾವ ತಾವಾಗಿಯೇ ಬಂದರು. ಒಂದು ಹಳೇ ಕಬ್ಬಿಣದ ಪೈಪಿನ ತುಂಡಿಗೆ ಗೇಣುದ್ದಕ್ಕೆ ಸರಿಯಾಗಿ ದಾರ ಸುತ್ತಿ ತಂದಿದ್ದರು. ದಾರದವರೆಗೆ ಪೈಪನ್ನು ಮಣ್ಣಿಗೆ ಒತ್ತಿ ತಿರುಗಿಸಿ ತೆಗೆದರೆ ಚೊಕ್ಕ ತೂತು. ಅವಳು ಸಸಿಯ ಬೇರನ್ನೂ ಎಲೆಯ ತುದಿಯನ್ನೂ ಸ್ವಲ್ಪ ಕತ್ತರಿಸಿ ಒಂದೊಂದೇ ತೂತಿಗೆ ಇಳಿಬಿಟ್ಟಳು. ಮಾವ ಮಣ್ಣು ಎಳೆಯಲು ಕೈ ಚಾಚಿದರು.

“ಮುಚ್ಚಬಾರ್ದು ಮಾವ. ನೀರು ಹಾಕಿದ್ರೆ ಸಾಕು, ಬೇಕಾದಷ್ಟು ಮಣ್ಣನ್ನ ನೀರೇ ಎಳ್ಕೊಳ್ಳತ್ತೆ. ಉಳಿದ ಜಾಗ ದಂಟು ದಪ್ಪ ಆಗೋಕೆ.”

“ಈರುಳ್ಳಿಗೂ ಹಿಂಗೇನಾ?”

“ಅದು ತದ್ವಿರುದ್ಧ. ಬೇರು ಮಾತ್ರ ಒಳಗಿರ್ಬೇಕು. ಆಳಕ್ಕೆ ಹೂತ್ರೆ ಬರೀ ಕತ್ತು ಬೆಳ್ಕೊಳ್ಳತ್ತೆ, ಗಡ್ಡೆ ಕಟ್ಟಲ್ಲ.”

“ಸರಿ ಹೋಯ್ತು. ಒಂದೇ ಮನೆತನ; ಒಬ್ಬ ನೆಲಮಾಳಿಗೇಲಿ ಇರ್ತಾನೆ, ಇನ್ನೊಬ್ಬ ಜಗಲಿ ಬಿಟ್ಟು ಇಳಿಯಲ್ಲ,” ಎಂದರು ಮಾವ.

ಗೋಡೆಯ ಬದಿಗೆ ನಾಲ್ಕು ಸಾಲು ಲೀಕ್, ಆಚೆಗೆ ಐದು ಸಾಲು ಈರುಳ್ಳಿ. ಸಂಜೆ ಹೊತ್ತಿಗೆ ಎಲ್ಲ ನೆಟ್ಟಾಯಿತು. ಸಣಕಲು ಸಸಿಗಳನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಟ್ಟಳು. ಊಟಕ್ಕೆ ಕೂತಾಗ ಮಾವ ಬೆನ್ನು ನೋವೆಂದು ಗೊಣಗಿದರೂ ಮುಖದಲ್ಲಿ ಗೆಲುವಿತ್ತು. ಅತ್ತೆಗೆ ಅದು ಹಿಡಿಸಲಿಲ್ಲ. ಮುದುಕರನ್ನು ಕೂಲಿಗೆ ಹಚ್ಚುವ ಸೊಸೆಯಂದಿರನ್ನು ತಾವು ಬೇರೆಲ್ಲೂ ಕಂಡಿಲ್ಲ ಎಂದರು.

ಐದಾರು ದಿನ ಕಳೆದಿರಬೇಕು. ಕೆಲಸದಿಂದ ಬಂದವಳಿಗೆ ಗೋಡೆಯುದ್ದಕ್ಕೂ ಇದ್ದ ಇಟ್ಟಿಗೆಯ ಕಾಲುದಾರಿ ಹೊಸದಾಗಿ ಕಂಡಿತು. ಇಟ್ಟಿಗೆ ಕುಸಿದಿದ್ದವು, ಎತ್ತಿ ಕೂರಿಸಿದೆ ಎಂದರು ಮಾವ. ಈ ವಯಸ್ಸಿನಲ್ಲಿ ಇಷ್ಟೆಲ್ಲ ಯಾಕೆ ಮಾಡಿದಿರಿ ಎಂದು ಅವಳು ಗದರಿ, ಬಿಸಿ ಚಹಾ ಮಾಡಿ ಕೊಟ್ಟಳು.

ಎರಡನೆಯ ವಾರ ಲೀಕಿನ ಎಲೆಗಳ ತುದಿ ಬೆಳ್ಳಗಾಯಿತು. ಮೂರನೆಯ ವಾರ ಸಸಿಗಳು ಒದ್ದೆ ನೂಲಿನಂತೆ ಮಲಗಿದವು. ಗೋಡೆಗೆ ಹತ್ತಿರದ ಸಾಲು ಮೊದಲು ಹೋಯಿತು, ನಂತರ ಮಿಕ್ಕ ಮೂರು. ಈರುಳ್ಳಿಯ ಮೊದಲ ಸಾಲೂ ಹಳದಿಗಿಟ್ಟಿತು. ಅವಳು ಬಗ್ಗಿ ಒಂದೊಂದನ್ನೇ ಎತ್ತಿ ನೋಡಿದಳು. ಹುಳುವಿಲ್ಲ, ಬೂಜಿಲ್ಲ. ಬೇರು ಮಾತ್ರ ಕಂದಾಗಿ ಬೆರಳಿಗೆ ಹತ್ತಿಕೊಂಡು ಬಂತು.

ಮನೆಯಲ್ಲಿ ಎಲ್ಲರೂ ಪಂಡಿತರಾದರು. ನೀರು ಹೆಚ್ಚಾಯಿತು ಎಂದ ಮೈದುನ. ಬೆಳಗ್ಗೆ ಎದ್ದು ಕೆಲಸಕ್ಕೆ ಓಡುವವರಿಗೆ ತೋಟ ಯಾಕೆ ಎಂದರು ಅತ್ತೆ. ಗಂಡ ತಟ್ಟೆಯಿಂದ ತಲೆ ಎತ್ತದೆ, ಪೇಟೆಯಲ್ಲಿ ಸಿಗುತ್ತಲ್ಲ, ತಂದರಾಯಿತು ಎಂದ. ಮಾವ ಮಾತ್ರ ಏನೂ ಹೇಳಲಿಲ್ಲ. ಅವರಿಗೆ ತನ್ನಷ್ಟೇ ಬೇಜಾರಾಗಿದೆ ಎಂದುಕೊಂಡಳು.

ಗೋಡೆಯಾಚೆಯ ಮನೆಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮನಿದ್ದಳು. ಇಡೀ ಬೀದಿಯ ಅಳತೆ ಅವಳಲ್ಲಿತ್ತು, ಬಟ್ಟೆಯದೂ, ಸಂಸಾರದ್ದೂ. ಒಂದು ಮಧ್ಯಾಹ್ನ ಹಿರಿಸೊಸೆ ಬಟ್ಟೆ ಹರವುತ್ತಿದ್ದಾಗ ಅತ್ತೆ ಗೋಡೆಗೆ ಒರಗಿ ಟೈಲರಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು.

“ಕೆಲವರ ಕೈಗೆ ಹಸಿರು ಹತ್ತಲ್ಲ ಕಣಮ್ಮ. ಕೈಗುಣ ಅಂತ ಒಂದಿರತ್ತೆ. ನಮ್ಮ ಹಿರೀ ಸೊಸೆ ಮುಟ್ಟಿದ್ದು ಯಾವುದು ಉಳಿದಿದೆ ಹೇಳಿ.”

ನಾಲ್ಕು ವರ್ಷ ಆ ಮನೆಯವರು ತಿಂದ ಸೊಪ್ಪು, ಬೀನ್ಸು, ಟೊಮೇಟೊ ಯಾರ ಕೈಯದು ಎಂದು ಕೇಳಬೇಕೆನಿಸಿತು. ಒದ್ದೆ ಬಟ್ಟೆಯನ್ನು ಹಿಂಡಿದ್ದನ್ನೇ ಮತ್ತೆ ಹಿಂಡಿದಳು.

ಆ ಭಾನುವಾರ ನಾದಿನಿ ಗಂಡನೊಂದಿಗೆ ಊಟಕ್ಕೆ ಬಂದಳು. ಅಳಿಯ ಶಾಲೆಯ ಹೆಡ್‌ಮಾಸ್ಟರು. ಅವರು ಬಂದರೆ ಮಾವ ಅಂಗಿಯ ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದರು. ಊಟದ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಅನ್ನ ಇಟ್ಟು ಹಿರಿಸೊಸೆ ಬಡಿಸುತ್ತಿದ್ದಳು. ನಾದಿನಿ ತಾನು ತಂದಿದ್ದ ಗುಲಾಬಿ ಕಡ್ಡಿಗಳನ್ನು ಅಮ್ಮನ ಕೈಗೆ ಕೊಡುತ್ತ, “ಅತ್ತಿಗೆ ಕೈಗೆ ಕೊಡ್ಬೇಡಮ್ಮ, ಬೇರು ಬಿಡೋ ಮೊದ್ಲೇ ಬಾಡಿ ಹೋಗತ್ತೆ,” ಎಂದು ನಕ್ಕಳು. ಅತ್ತೆ ನಕ್ಕರು. ಮೈದುನ ನಕ್ಕ. ಹೆಡ್‌ಮಾಸ್ಟರು ಮುಗುಳ್ನಕ್ಕು, ತೋಟಗಾರಿಕೆ ಎಂದರೆ ಶ್ರದ್ಧೆ ಬೇಕು ಎಂದು ಸಣ್ಣ ಪಾಠ ಮಾಡಿದರು. ಗಂಡ ನೀರು ಕುಡಿದ.

ಮಗಳೊಬ್ಬಳೇ ಬಾಯಿ ತೆಗೆದಳು. “ಅಜ್ಜಿ, ಅಮ್ಮನ ಕೈಗುಣ ಸರಿ ಇಲ್ಲ ಅಂದ್ರೆ ಈ ಅಡಿಗೆ ಯಾಕೆ ತಿಂತಿದೀರಿ?”

“ನೋಡಿದ್ಯಾ, ಹೆಂಗೆ ಬೆಳೆಸಿದಾಳೆ,” ಎಂದರು ಅತ್ತೆ ತಮ್ಮ ಮಗಳ ಕಡೆ ತಿರುಗಿ.

ಸೊಸೆ ಮಾವನ ಮುಖ ನೋಡಿದಳು. ಮಾವ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದರು. ಸುಲಿದಾಗಿದ್ದ ಆಲೂಗಡ್ಡೆಯನ್ನು.

ಮಾತು ಎಷ್ಟು ಸಲ ಬಿದ್ದರೂ ಕಲ್ಲು ಸವೆಯುವುದಿಲ್ಲ, ಮನುಷ್ಯ ಸವೆಯುತ್ತಾನೆ. ಅವಳಿಗೂ ತನ್ನ ಕೈಯಲ್ಲೇ ಏನೋ ಇದೆ ಎನಿಸತೊಡಗಿತು. ಆಸ್ಪತ್ರೆಯ ಬಟ್ಟೆಯ ಸೋಪಿನ ಪುಡಿ ಉಗುರಿನಲ್ಲಿ ಉಳಿದು ಬೇರನ್ನು ಸುಟ್ಟಿತೇ ಎಂದು ಯೋಚಿಸಿದಳು. ಕೆಲಸದಿಂದ ಬಂದವಳೇ ಮೊಣಕೈವರೆಗೆ ಮೂರು ಸಲ ತೊಳೆದುಕೊಂಡು, ಪೆಟ್ಟಿಗೆಯಲ್ಲಿ ಉಳಿದಿದ್ದ ಸಣಕಲು ಸಸಿಗಳನ್ನು ಎತ್ತಿಕೊಂಡಳು. ಅದೇ ಸಾಲುಗಳಿಗೆ ಹೊಸ ಗೊಬ್ಬರ ಹಾಕಿ ಮತ್ತೆ ನೆಟ್ಟಳು. ಎರಡು ಬೆರಳಲ್ಲಿ, ಆದಷ್ಟು ಮುಟ್ಟದ ಹಾಗೆ ನೆಟ್ಟಳು. ಈ ಸಲವೂ ಮಾವ ಜೊತೆಗೆ ಕೂತರು. ನೀರು ಜಾಸ್ತಿ ಹಾಕು, ಇನ್ನೂ ಹಾಕು ಎಂದು ಕೊಡ ತುಂಬಿ ತುಂಬಿ ತಂದುಕೊಟ್ಟರು. ಲೀಕಿಗೆ ಅಷ್ಟು ನೀರು ಬೇಡ ಎಂದರೂ ಕೇಳಲಿಲ್ಲ.

ಹತ್ತು ದಿನಕ್ಕೆ ಅವೂ ಮಲಗಿದವು.

ಸತ್ತ ನಾಲ್ಕು ಸಸಿಗಳನ್ನು ಬುಡದ ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿ ಅವಳು ಆಸ್ಪತ್ರೆಗೆ ಕೊಂಡುಹೋದಳು. ಚಹಾದ ವಿರಾಮದಲ್ಲಿ ಮಾಲಿಯ ಗುಡಿಸಲಿಗೆ ಹೋಗಿ, ನನ್ನ ಕೈಯೇ ಸರಿಯಿಲ್ಲವೇನೋ ನೋಡಿ ಎಂದು ಮುಂದಿಟ್ಟಳು. ಮಾಲಿ ಸಸಿಯನ್ನು ನೋಡಲೇ ಇಲ್ಲ. ಮಣ್ಣನ್ನು ಹಿಡಿಯಷ್ಟು ತೆಗೆದು ಮೂಗಿಗೆ ಹಿಡಿದ. ಮುಖ ಕಿವುಚಿ ದೂರ ಇಟ್ಟ.

“ಇದು ರೋಗ ಅಲ್ಲ ತಾಯಿ. ಕಕ್ಕಸು ತೊಳೆಯೋ ನೀರು ಇದು. ಯಾರೋ ಸುರೀತಿದಾರೆ. ಒಂದು ಸಲ ಅಲ್ಲ, ದಿನಾ.”

ಅವಳು ಆ ಮಣ್ಣನ್ನು ತಾನೂ ಮೂಸಿ ನೋಡಿದಳು. ಎರಡು ವರ್ಷದಿಂದ ಮನೆಯಲ್ಲೇ ಆ ವಾಸನೆ ಇದ್ದುದರಿಂದ ಮೂಗಿಗೆ ಅದು ಬೇರೆಯಾಗಿ ತಟ್ಟಿರಲೇ ಇಲ್ಲ. ಹೊರಗೆ, ಬೇರೆ ಗಾಳಿಯಲ್ಲಿ ಅದು ನೇರ ನೆತ್ತಿಗೇರಿತು.

ಮನೆಗೆ ಬಂದವಳು ಬಟ್ಟೆ ಬದಲಿಸಲಿಲ್ಲ. ಗುದ್ದಲಿ ತೆಗೆದುಕೊಂಡು ಮೊದಲು ಸತ್ತ ಸಾಲಿದ್ದ ಗೋಡೆಯ ಬದಿಗೆ ನೇರ ಹೋಗಿ, ಮಾವ ಹೊಸದಾಗಿ ಕೂರಿಸಿದ್ದ ಕಾಲುದಾರಿಯ ಇಟ್ಟಿಗೆಗಳನ್ನು ಕಿತ್ತಳು. ಮೂರು ಇಟ್ಟಿಗೆಯ ಕೆಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಪೈಪು. ಒಂದು ದಿಕ್ಕಿಗೆ ಅದು ಮೈದುನನ ಶೆಡ್ಡಿನ ಕಡೆ ಹೋಗಿತ್ತು. ಇನ್ನೊಂದು ದಿಕ್ಕಿಗೆ ಕೆದಕುತ್ತ ಹೋದಳು. ಲೀಕಿನ ಮೊದಲ ಸಾಲಿಗೆ ಎರಡು ಅಡಿ ಇದೆ ಎನ್ನುವಲ್ಲಿ ಪೈಪು ಮುಗಿದಿತ್ತು. ಅದರ ಬಾಯಿಯ ಕೆಳಗೆ ಕಲ್ಲು ತುಂಬಿದ ಗುಂಡಿ, ಗುಂಡಿಯಲ್ಲಿ ನೊರೆ.

ಅದಕ್ಕಿಂತ ಹೆಚ್ಚಾಗಿ ಅವಳ ಕಣ್ಣು ಹಿಡಿದು ನಿಲ್ಲಿಸಿದ್ದು ಪೈಪಿನ ಜೋಡಣೆ. ಅಂಟು ಒಂದಿಷ್ಟೂ ಹೊರಗೆ ಒಸರದಂತೆ ಒರೆಸಿದ ಅಂಚು, ಅದರ ಪಕ್ಕ ಮೊಳೆಯಲ್ಲಿ ಗೀರಿದ ತಾರೀಖು. ಯಾವ ಪೈಪು ಜೋಡಿಸಿದರೂ ತಾರೀಖು ಗೀರುವುದು ಊರಲ್ಲೆಲ್ಲ ಒಬ್ಬರದೇ ಅಭ್ಯಾಸ. ಮುಂದೆ ರಿಪೇರಿಗೆ ಬಂದವನಿಗೆ ಗೊತ್ತಾಗಲಿ ಎಂದು ಮಾವ ಹೆಮ್ಮೆಯಿಂದ ಹೇಳುತ್ತಿದ್ದರು. ಗೀರಿದ್ದ ತಾರೀಖು ಮೊದಲ ನಾಟಿಯ ನಂತರದ ಐದನೆಯ ದಿನದ್ದು.

ಮಾವ ಮುಂದಿನ ಜಗಲಿಯಲ್ಲಿ ಯಾರದೋ ನಲ್ಲಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಸ್ವಲ್ಪ ಹಿತ್ತಲಿಗೆ ಬನ್ನಿ ಎಂದಳು. ಬಂದು ಕಿತ್ತ ಇಟ್ಟಿಗೆಗಳನ್ನು ನೋಡಿದ ಮೇಲೆ ಅವರು ಅಲ್ಲೇ ಕುಕ್ಕರಿಸಿದರು. ಹೇಳಿದ್ದು ಇಷ್ಟು: ಶೆಡ್ಡಿನ ನೀರು ಬೀದಿಯ ಚರಂಡಿಗೆ ಹೋಗಿ ವಾಸನೆ ಬರುತ್ತದೆಂದು ಅಕ್ಕಪಕ್ಕದವರು ಜಗಳ ತೆಗೆದಿದ್ದರು. ಕಿರಿಮಗ ಹಿಂದುಗಡೆಯ ಓಣಿಗೆ ಪೈಪು ಹಾಕಿಕೊಡಿ ಎಂದ. ಓಣಿಗೆ ಹೋಗಲು ಟೈಲರಮ್ಮನ ಗೋಡೆ ಒಡೆಯಬೇಕಿತ್ತು, ಅವಳು ಒಪ್ಪಲಿಲ್ಲ. ಅಲ್ಲಿಗೇ ನಿಲ್ಲಿಸಿ ಇಂಗುಗುಂಡಿ ಮಾಡಿದರು. ನೀರು ಕೆಳಗಿಳಿದು ಹೋಗುತ್ತದೆ ಎಂದುಕೊಂಡರು.

“ಮೊದಲ್ನೇ ಸಲ ಸತ್ತಾಗ ಗೊತ್ತಾಗ್ಲಿಲ್ವಾ ಮಾವ?”

“ಅನುಮಾನ ಬಂತಮ್ಮ. ಅವನಿಗೆ ಹೇಳ್ದೆ. ಎರಡು ವಾರ ತಡ್ಕೊಳ್ಳಿ, ಆರ್ಡರು ಮುಗೀಲಿ ಅಂದ.”

“ಎರಡನೇ ಸಲ ನನ್ ಜೊತೆ ಕೂತು ನೆಟ್ರಲ್ಲ.”

“ನೀರು ಜಾಸ್ತಿ ಹಾಕಿದ್ರೆ ತೊಳ್ಕೊಂಡು ಹೋಗ್ಬಹುದು ಅಂತ...”

“ಸಸಿ ವಿಷಯ ಬಿಡಿ. ನನ್ ಕೈಗುಣ ಅಂತ ಊಟದ ಮೇಜಲ್ಲಿ ನಕ್ಕರಲ್ಲ, ಆವಾಗ ನಿಮ್ಮ ಬಾಯಲ್ಲಿ ಏನಿತ್ತು?”

ಮುದುಕರು ಅಂಗೈಯ ಮಣ್ಣನ್ನು ಉಜ್ಜಿಕೊಂಡರು. “ನಿಮ್ಮತ್ತೆ ಹೇಳಿದ್ಳು. ಸುಮ್ನಿರಿ, ಅವಳಿಗೇನು ನಷ್ಟ, ನಾಲ್ಕು ಗಿಡ ತಾನೆ. ಅವನ ವಿಷಯ ಎತ್ತಿದ್ರೆ ಮನೇಲಿ ರಂಪ ಆಗತ್ತೆ ಅಂತ.”

ಅಂದರೆ ಮೂವರಿಗೂ ಗೊತ್ತಿತ್ತು. ಗೋಡೆಗೆ ಒರಗಿ ಕೈಗುಣದ ಮಾತಾಡಿದ ಅತ್ತೆಗೆ ಗೊತ್ತಿತ್ತು. ನೀರು ಹೆಚ್ಚಾಯಿತು ಎಂದ ಮೈದುನನಿಗೆ ಗೊತ್ತಿತ್ತು. ತಾನು ಮೂರು ಸಲ ಕೈ ತೊಳೆದುಕೊಂಡು ಎರಡೇ ಬೆರಳಲ್ಲಿ ಸಸಿ ಹಿಡಿದದ್ದನ್ನು ಇವರೆಲ್ಲ ನೋಡಿದ್ದರು. ಮೂಲೆಯಲ್ಲಿ ಬಿದ್ದಿದ್ದ ಹಳೇ ಗುದ್ದಲಿಯ ಮುರಿದ ಕಾವಿನಿಂದ ಅವಳು ಒಂದು ಬೆಣೆ ಕಡಿದು, ಹಳೇ ಬಟ್ಟೆ ಸುತ್ತಿ, ಮಾವನ ಕಣ್ಣೆದುರೇ ಪೈಪಿನ ಬಾಯಿಗೆ ಇಟ್ಟು ಕಲ್ಲಿನಿಂದ ಹೊಡೆದಳು. ನಾಲ್ಕನೆಯ ಪೆಟ್ಟಿಗೆ ಅದು ಗಟ್ಟಿಯಾಗಿ ಕೂತಿತು.

ಸಂಜೆ ಊಟದ ಹೊತ್ತಿಗೆ ಅವಳೇ ಮಾತು ತೆಗೆದಳು. ಕೂಗಾಡಲಿಲ್ಲ. ಕಂಡದ್ದನ್ನು, ಮಾಲಿ ಹೇಳಿದ್ದನ್ನು, ತಾರೀಖನ್ನು ಹೇಳಿದಳು. ಮೈದುನ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

“ನಾಲ್ಕು ಸೊಪ್ಪಿನ ಕಡ್ಡಿಗೆ ಇಷ್ಟು ದೊಡ್ಡ ಪಂಚಾಯ್ತೀನಾ ಅತ್ತಿಗೆ? ಎಷ್ಟು ಬೇಕು ಹೇಳಿ, ನಾಳೆ ಚೀಲ ತುಂಬ ತಂದ್ಹಾಕ್ತೀನಿ.”

“ಸೊಪ್ಪು ಕೇಳಿದ್ನಾ ನಾನು?”

“ಮತ್ತೇನು ಬೇಕು ನಿನಗೆ?” ಎಂದರು ಅತ್ತೆ. “ಆಗಿದ್ದಾಯ್ತು. ಮನೆ ಮಾತು ಮನೇಲೇ ಇರ್ಲಿ.”

“ಮನೇಲಿ ಎಲ್ಲಿತ್ತು ಅತ್ತೆ? ನೀವು ಟೈಲರಮ್ಮನ ಹತ್ರ ಹೇಳಿದ್ರಿ. ನಾದಿನಿ, ಅವರೆಜಮಾನ್ರ ಎದುರು ಹೇಳಿ ನಕ್ಕಿರಿ. ಎಲ್ಲೆಲ್ಲಿ ಹೇಳಿದ್ರೋ ಅಲ್ಲಲ್ಲೇ ಹೋಗಿ, ಸಸಿ ಸತ್ತಿದ್ದು ಅವಳ ಕೈಯಿಂದಲ್ಲ, ನಮ್ಮ ಪೈಪಿನಿಂದ ಅಂತ ಹೇಳಿ. ನನಗೆ ಬೇಕಾಗಿರೋದು ಅಷ್ಟೇ. ಅಲ್ಲಿವರೆಗೂ ಆ ಬೆಣೆ ತೆಗೆಯಲ್ಲ.”

ಅತ್ತೆಗೆ ಇದು ಕನಸಿನಲ್ಲೂ ಎಣಿಸದ ಬೇಡಿಕೆ. ಬಾಯಿ ತಪ್ಪಿ ಆಡಿದ ಮಾತಿಗೆ ಹಿರಿಯರು ಊರ ಮುಂದೆ ಕೈಕಟ್ಟಿ ನಿಲ್ಲಬೇಕೇ ಎಂದರು. ಬಾಯಿ ತಪ್ಪಿದ್ದಲ್ಲ, ಗೊತ್ತಿದ್ದೇ ಆಡಿದ್ದು ಎಂದಳು ಮೊಮ್ಮಗಳು. ಅತ್ತೆ ಮಗನ ಕಡೆ ನೋಡಿ, ನಿನ್ನ ಹೆಂಡತಿಗೆ ಬುದ್ಧಿ ಹೇಳು ಎಂದರು. ಬಸ್ ಡ್ರೈವರು ಎಲ್ಲರ ಮುಖ ನೋಡಿ, ಬೆಳಗ್ಗೆ ಬೇಗ ಡ್ಯೂಟಿ ಇದೆ ಎಂದು ಎದ್ದುಹೋದ. ದಿನಕ್ಕೆ ಸಾವಿರ ಜನರನ್ನು ದಾರಿ ತಪ್ಪದೆ ಮುಟ್ಟಿಸುವ ಮನುಷ್ಯನಿಗೆ ಸ್ವಂತ ಅಡಿಗೆಮನೆಯಲ್ಲಿ ಎಡ ಬಲ ತಿಳಿಯುವುದಿಲ್ಲವಲ್ಲ ಎಂದು ಅವಳಿಗೆ ಗಂಡನ ಮೇಲೂ ಉರಿದುಹೋಯಿತು.

ಮರುದಿನ ಮಧ್ಯಾಹ್ನಕ್ಕೆ ಶೆಡ್ಡಿನಲ್ಲಿ ಹಿಮ್ಮಡಿ ಮುಳುಗುವಷ್ಟು ನೊರೆನೀರು ನಿಂತಿತು. ಮೈದುನ ಬಕೆಟ್ಟಿನಲ್ಲಿ ತುಂಬಿ ಬೀದಿಗೆ ಚೆಲ್ಲಹೋದ. ಎದುರುಮನೆಯವರು ಬಾಗಿಲಿಗೆ ಬಂದು ನಿಂತರು. ಮೂರನೆಯ ದಿನ ಅವನು ಸುತ್ತಿಗೆ, ಉಳಿ ಹಿಡಿದು ಹಿತ್ತಲಿಗೆ ಬಂದ. ಅವಳು ಉಳಿದಿದ್ದ ಈರುಳ್ಳಿ ಸಾಲಿನ ಕಳೆ ತೆಗೆಯುತ್ತಿದ್ದಳು. ಎದ್ದು ಪೈಪಿನ ಮುಂದೆ ನಿಂತಳು. ಆ ಹೊತ್ತಿಗೆ ಗಂಡ ಕೆಲಸ ಮುಗಿಸಿ, ಖಾಕಿ ಬಟ್ಟೆಯಲ್ಲೇ ಹಿತ್ತಲ ಬಾಗಿಲಿಗೆ ಬಂದಿದ್ದ. ತಮ್ಮನ ಕೈಯ ಸುತ್ತಿಗೆ ನೋಡಿದ, ಹೆಂಡತಿಯ ಮುಖ ನೋಡಿದ.

“ಮೊದ್ಲು ಅವಳ್ನ ಕೇಳು,” ಎಂದ.

ಅಷ್ಟೇ ಅವನಿಂದ ಬಂದದ್ದು. ಹದಿನೆಂಟು ವರ್ಷದಲ್ಲಿ ಅಷ್ಟು ಬಂದದ್ದೂ ಇದೇ ಮೊದಲು. ಮೈದುನ ಸುತ್ತಿಗೆಯನ್ನು ಗೋಡೆಗೆ ಎಸೆದು ಹೋದ.

ಮನೆಯಲ್ಲಿ ಒಲೆ ಉರಿಯುತ್ತಿತ್ತು, ಮಾತು ಉರಿಯುತ್ತಿರಲಿಲ್ಲ. ಅವಳು ಎಂದಿನಂತೆ ಅಡಿಗೆ ಮಾಡಿಟ್ಟು ಕೆಲಸಕ್ಕೆ ಹೋದಳು. ಅತ್ತೆ ತಮ್ಮ ಪಾಲಿನದನ್ನು ತೆಗೆದುಕೊಂಡು ಕೋಣೆಗೆ ಹೋಗಿ ತಿಂದರು. ಮಾವ ಅವಳು ಇರುವ ಕಡೆ ಬರುತ್ತಲೇ ಇರಲಿಲ್ಲ. ಅವಳು ಅಡಿಗೆಮನೆಗೆ ಬಂದರೆ ಜಗಲಿಗೆ, ಜಗಲಿಗೆ ಬಂದರೆ ಬೀದಿಗೆ. ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಮಗಳು ಒಮ್ಮೆ ಕೇಳಿದಳು. ಅಜ್ಜಿ, ಚಿಕ್ಕಪ್ಪ ಹಾಗೇ ಇದ್ದವರು, ಅವರಿಂದ ಬೇರೆ ಏನೂ ನಿರೀಕ್ಷಿಸಿರಲಿಲ್ಲ ಎಂದಳು. ಅಜ್ಜನ ಹೆಸರು ಎತ್ತಲಿಲ್ಲ.

ಮುಂದಿನ ಭಾನುವಾರ ನಾದಿನಿ, ಹೆಡ್‌ಮಾಸ್ಟರು ಮತ್ತೆ ಬಂದರು. ಅದೇ ಮೇಜು. ಅತ್ತೆ ಅಂದು ವಿಪರೀತ ಮಾತಾಡಿದರು. ಅಳಿಯನ ಶಾಲೆ, ಬಿಸಿಲು, ಬೆಲೆ ಏರಿಕೆ. ಗಿಡದ ಕಡೆಗೆ ಮಾತು ಹೊರಳದಂತೆ ನೋಡಿಕೊಂಡರು. ಆದರೆ ನಾದಿನಿಗೆ ಏನು ಗೊತ್ತು? ಗುಲಾಬಿ ಕಡ್ಡಿ ಚಿಗುರಿತೇ ಎಂದು ಕೇಳಿದಳು. ಅತ್ತೆ ಚಿಗುರಿದೆ ಎಂದರು. ಸದ್ಯ, ಅತ್ತಿಗೆ ಮುಟ್ಟಲಿಲ್ಲವಲ್ಲ ಎಂದಳು ನಾದಿನಿ.

ಹಿರಿಸೊಸೆ ಅನ್ನದ ಪಾತ್ರೆಯನ್ನು ಮೇಜಿನ ನಡುವೆ ಇಟ್ಟು ನಿಂತಳು. ಬಡಿಸಲಿಲ್ಲ. ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ಉಪ್ಪಿನ ಡಬ್ಬಿಯನ್ನು ಹುಡುಕಿದರು. ಅದು ಅವರ ಕೈಯ ಪಕ್ಕದಲ್ಲೇ ಇತ್ತು.

“ಸಸಿ ಸಾಯಿಸಿದ್ದು ನಾನು,” ಎಂದರು ಮಾವ.

ಹೆಡ್‌ಮಾಸ್ಟರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಏನು ಅಂದಿರಿ ಎಂದರು. ಮಾವ ಕುತ್ತಿಗೆಯ ಗುಂಡಿ ಬಿಚ್ಚಿಕೊಂಡು ಎಲ್ಲ ಹೇಳಿದರು. ಪೈಪು, ಗುಂಡಿ, ಆಸಿಡ್ಡಿನ ನೀರು. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. “ಗೊತ್ತಿದ್ದೂ ಸುಮ್ನಿದ್ದೆ. ಹೋದ ಸಲ ಇದೇ ಮೇಜಲ್ಲಿ ನೀವೆಲ್ಲ ನಕ್ಕಾಗ್ಲೂ ಸುಮ್ನಿದ್ದೆ. ಅವಳ ಕೈಯಲ್ಲಿ ಏನೂ ದೋಷ ಇಲ್ಲ. ದೋಷ ಇದ್ದಿದ್ದು ನನ್ನ ಬಾಯಲ್ಲಿ.”

“ಅಪ್ಪಾ, ಇವರೆದುರು ಇದೆಲ್ಲ ಬೇಕಿತ್ತಾ?” ಎಂದ ಮೈದುನ.

“ಇವರೆದುರೇ ಬೇಕಿತ್ತು,” ಎಂದಳು ಹಿರಿಸೊಸೆ.

ನಾದಿನಿಯ ಮುಖ ಕೆಂಪಾಯಿತು. ನನಗೆ ಗೊತ್ತಿರಲಿಲ್ಲ ಅತ್ತಿಗೆ ಎಂದಳು. ಗೊತ್ತಿಲ್ಲದೆ ನಗಬಾರದಿತ್ತು ಎಂದಳು ಅವಳು, ಅಷ್ಟನ್ನೇ. ಹೆಡ್‌ಮಾಸ್ಟರು ಶ್ರದ್ಧೆಯ ಬಗ್ಗೆ ಏನೂ ಹೇಳಲಿಲ್ಲ. ಅನ್ನದ ಪಾತ್ರೆಯನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡು ಬಡಿಸಿಕೊಂಡರು. ಅತ್ತೆ ಊಟ ಬಿಟ್ಟು ಎದ್ದರು. ಯಾರೂ ಕರೆಯಲಿಲ್ಲ.

ಅತ್ತೆ ಟೈಲರಮ್ಮನಿಗೆ ಹೇಳಲು ಇನ್ನೂ ಒಂಬತ್ತು ದಿನ ತೆಗೆದುಕೊಂಡರು. ಅದೂ ಹೊಲಿಸಿದ ಅಂಗಿ ಈಸಿಕೊಳ್ಳುವ ನೆಪದಲ್ಲಿ, ತೋಳು ಬಿಗಿಯಾಯಿತು ಎಂಬ ದೂರಿನ ನಡುವೆ, ಆ ಸಸಿಗಳು ಹೋದದ್ದು ಪೈಪಿನ ನೀರಿನಿಂದಂತೆ ಎಂದು ಗೊಣಗಿದರು. ‘ಅಂತೆ’ಯನ್ನು ಮಾತ್ರ ಬಿಡಲಿಲ್ಲ. ಬಟ್ಟೆ ಹರವುತ್ತಿದ್ದ ಸೊಸೆಗೆ ಅದು ಕೇಳಿಸಿತು. ಅರ್ಧ ಮಾತು, ಅವಳು ಅದನ್ನು ಅರ್ಧವೆಂದೇ ಇಟ್ಟುಕೊಂಡಳು. ಬೆಣೆ ಪೈಪಿನಲ್ಲೇ ಉಳಿಯಿತು. ಮೈದುನ ಪೇಟೆಯಾಚೆ, ಕಾರ್ಖಾನೆಗಳಿರುವ ಕಡೆ ಒಂದು ಮಳಿಗೆ ಹಿಡಿದು ತನ್ನ ಡ್ರಮ್ಮುಗಳನ್ನು ಸಾಗಿಸಿದ. ಹೋಗುವಾಗ ಅತ್ತಿಗೆಯೊಡನೆ ಮಾತಾಡಲಿಲ್ಲ.

ಮಾಲಿಯ ಬಳಿ ಆಸ್ಪತ್ರೆಯ ತೋಟಕ್ಕೆ ನೆಟ್ಟು ಮಿಕ್ಕ ನಲವತ್ತು ಲೀಕ್ ಸಸಿಗಳಿದ್ದವು. ತಡವಾಗಿದೆ, ಹೆಬ್ಬೆರಳಿಗಿಂತ ದಪ್ಪ ಆಗಲಿಕ್ಕಿಲ್ಲ ಎಂದು ಹೇಳಿಯೇ ಕೊಟ್ಟ. ಆದರೆ ಆ ಮಣ್ಣಿನಲ್ಲಿ ಬೇಡ, ಎರಡು ಗೇಣು ಆಳ ತೆಗೆದುಹಾಕಿ ಹೊಸ ಮಣ್ಣು ತುಂಬಬೇಕು ಎಂದ. ಅವಳು ರಜೆಯ ದಿನ ಬೆಳಗ್ಗೆ ಗುದ್ದಲಿ ಹಿಡಿದಾಗ ಗಂಡ ಬುಟ್ಟಿ ಹಿಡಿದು ಬಂದ. ಹಾಳಾದ ಮಣ್ಣನ್ನು ಇಬ್ಬರೂ ಗೋಣಿಚೀಲಗಳಿಗೆ ತುಂಬತೊಡಗಿದರು.

ಸ್ವಲ್ಪ ಹೊತ್ತಿಗೆ ಮಾವನೂ ಸನಿಕೆ ಹಿಡಿದು ಹಿತ್ತಲ ಮೆಟ್ಟಿಲಿಗೆ ಬಂದರು. ಇಳಿಯದೆ ನಿಂತರು. ಅವಳು ನೋಡಿದಳು, ಗೋಡೆಯ ಬದಿಯ ಮೊದಲ ಸಾಲಿನ ಕಡೆ ಕೈ ತೋರಿಸಿದಳು. ಮುದುಕರು ಇಳಿದು ಬಂದು ಅಗೆಯತೊಡಗಿದರು. ವಯಸ್ಸು ಎಪ್ಪತ್ತಾದರೂ ಕೆಲಸಗಾರನ ಕೈ. ನಿಧಾನ, ಆದರೆ ಒಂದೇ ಸಮ. ಸುಮಾರು ಹೊತ್ತಾದ ಮೇಲೆ ಬೆವರು ಒರೆಸಿಕೊಳ್ಳುತ್ತ ನಿಂತರು.

“ಸಿಟ್ಟು ಹೋಯ್ತೇನಮ್ಮ?”

ಅವಳು ಬಗ್ಗಿ ಗುಂಡಿಯೊಳಗಿನ ಮಣ್ಣನ್ನು ಹಿಡಿಯಷ್ಟು ತೆಗೆದು ಮೂಗಿಗೆ ಹಿಡಿದಳು.

“ಇಲ್ಲ ಮಾವ, ಹೋಗಿಲ್ಲ,” ಎಂದಳು. “ಇನ್ನೂ ಒಂದು ಗೇಣು ಆಳಕ್ಕೆ ಅಗೀರಿ.”